‘ಇನ್ನೊಂದು ಸಲ’ ಎನ್ನುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮದುವೆಯ ಫೋಟೋ ತೆಗೆದು ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಅವರ ಕಾಲಕ್ಕೆ ಅದರ ಅಗತ್ಯ ಬಿದ್ದಿರಲಿಲ್ಲ. ಈಗ ಬಿದ್ದಿದೆ. ಒಳ್ಳೆಯದೊಂದು ಕ್ಯಾಮರಾ ಕೊಂಡ ತರುಣನಿಗೆ ವರ್ಷ ತುಂಬುವುದರೊಳಗೆ ನೆಂಟರ ಮನೆಯಿಂದ ಕರೆ ಬರುತ್ತದೆ. “ಹೇಗೂ ನಿನ್ನ ಹತ್ತಿರ ಕ್ಯಾಮರಾ ಇದೆಯಲ್ಲಪ್ಪ, ನಮ್ಮ ಹುಡುಗಿಯ ಮದುವೆಗೆ ನೀನೇ ನಾಲ್ಕು ಫೋಟೋ ತೆಗೆದುಬಿಡು” ಎಂದು ಸೋದರಮಾವನೋ ಚಿಕ್ಕಪ್ಪನೋ ಹೇಳುತ್ತಾರೆ. ಹುಡುಗ ಮೊದಲು ಹಿಗ್ಗುತ್ತಾನೆ, ಆಮೇಲೆ ಹೆದರುತ್ತಾನೆ, ಕೊನೆಗೆ ಒಪ್ಪುತ್ತಾನೆ. ಒಪ್ಪಿದವನಿಗೆ ಉಪದೇಶ ಮಾಡಲು ಊರೆಲ್ಲ ಸಿದ್ಧವಾಗಿರುತ್ತದೆ.

ಆ ಉಪದೇಶಗಳಲ್ಲಿ ಎರಡು ಬಗೆ. ಮನೆಯವರದು ಒಂದು: “ಈಗಿನ ಕ್ಯಾಮರಾ ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ, ನೀನು ಗುಂಡಿ ಒತ್ತಿದರೆ ಸಾಕು.” ಕಸುಬಿನಲ್ಲಿ ಪಳಗಿದವರದು ಇನ್ನೊಂದು: “ನಾಚಿಕೊಳ್ಳಬೇಡ. ಮಂಟಪದಲ್ಲಿ ನೀನೇ ಯಜಮಾನ. ಚಿತ್ರ ಸರಿಯಾಗಿ ಬರಲಿಲ್ಲವೆ, ನಿಲ್ಲಿಸು, ಇನ್ನೊಂದು ಸಲ ಮಾಡಿಸು.” ಈ ಎರಡೂ ತಪ್ಪು ಎಂಬುದು ನನ್ನ ವಾದ. ಆ ತಪ್ಪಿಗೆ ದಂಡ ತೆರುವವರು ಮದುವೆಯಾಗುವ ಇಬ್ಬರು, ಮತ್ತು ಅವರನ್ನು ಹರಸಲೆಂದು ಬಂದು ಕುಳಿತ ನಾವು, ನೀವು.

ಮೊದಲನೆಯ ಉಪದೇಶವನ್ನೇ ಮೊದಲು ನೋಡೋಣ. ಹಿಂದೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿದ್ದ ‘ಅಗ್ಫಾ ಕ್ಲಿಕ್ 3’ ಎಂಬ ಕ್ಯಾಮರಾಕ್ಕೆ ಒಂದು ಸುರುಳಿ ಹಾಕಿದರೆ 12 ಚಿತ್ರ ಬರುತ್ತಿದ್ದವು. ಆಮೇಲೆ ಮನೆಮನೆಗೆ ಬಂದ 35 ಮಿಲಿಮೀಟರಿನ ಸುರುಳಿಯಲ್ಲಿ 36. ಇರುವುದು ಹನ್ನೆರಡೇ ಎಂದಾಗ ಮನುಷ್ಯ ಮೊದಲು ಕಣ್ಣಿಗೆ ಕೆಲಸ ಕೊಡುತ್ತಾನೆ, ಬೆರಳಿಗೆ ಆಮೇಲೆ. ಈಗ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಕಾರ್ಡಿನಲ್ಲಿ ಸಾವಿರಾರು ಚಿತ್ರ ಹಿಡಿಯುತ್ತವೆ. ಸೌಕರ್ಯವೇನೋ ಸೌಕರ್ಯವೇ. ಆದರೆ ಸಾವಿರ ಸಲ ಗುಂಡಿ ಒತ್ತಿದವನು ಒಂದು ಸಲವಾದರೂ ನೋಡಿದನೇ ಎಂಬುದಕ್ಕೆ ಆ ಕಾರ್ಡು ಪ್ರಮಾಣವಾಗದು.

ಯಂತ್ರ ಎಲ್ಲವನ್ನೂ ಮಾಡಿಕೊಳ್ಳುತ್ತದೆಯೆಂಬ ಮಾತಾದರೂ ಎಷ್ಟು ನಿಜ? ಬೆಳಕನ್ನು ಅಳೆಯುವ ಯಂತ್ರಕ್ಕೆ ತಿಳಿದಿರುವುದು ಒಂದೇ ಲೆಕ್ಕ: ತನ್ನ ಎದುರಿಗಿರುವುದೆಲ್ಲ ಸರಾಸರಿಗೆ ನಡುವಣ ಬೂದುಬಣ್ಣ ಎಂದು ಅದು ಭಾವಿಸುತ್ತದೆ. ವರನ ಬಿಳಿಯ ಪಂಚೆ, ಬಿಳಿಯ ಶಲ್ಯ, ಧಾರೆಯ ಬಿಳಿಯ ಸೀರೆ ಚೌಕಟ್ಟನ್ನೆಲ್ಲ ತುಂಬಿದರೆ ಅವುಗಳನ್ನು ಬೂದಿಬಣ್ಣಕ್ಕೆ ಇಳಿಸುತ್ತದೆ, ಮುಖಗಳೂ ಕಪ್ಪಾಗುತ್ತವೆ. ಕಡುನೀಲಿ ಪತ್ತಲ ಉಟ್ಟ ಹೆಂಗಸರ ಸಾಲು ಎದುರಿಗೆ ಬಂದರೆ ತಿರುವುಮುರುವು; ಮುಖಗಳು ಸುಣ್ಣ ಬಳಿದಂತಾಗುತ್ತವೆ. ಬಿಳಿಗೆ ತುಸು ಬೆಳಕು ಹೆಚ್ಚು ಕೊಡಬೇಕು, ಕಪ್ಪಿಗೆ ತುಸು ಕಡಿಮೆ ಮಾಡಬೇಕು ಎಂಬ ವಿವೇಕ ಹಿಡಿದವನ ಕೈಯಲ್ಲಿರಬೇಕು. ಹೋಮದ ಹೊಗೆ ಎದ್ದಾಗ ಫ್ಲ್ಯಾಷ್ ಹೊಡೆದರೆ ಬೆಳಕು ಹೊಗೆಗೆ ತಾಗಿ ಹಿಂದಕ್ಕೆ ಬರುತ್ತದೆ. ವಧೂವರರ ಜಾಗದಲ್ಲಿ ಬೆಳ್ಳಗಿನ ಮಬ್ಬೊಂದೇ ಉಳಿಯುತ್ತದೆ. ಅಕ್ಷತೆಯ ಕಾಳು ಗಾಳಿಯಲ್ಲಿರುವಾಗ ಸೆಕೆಂಡಿನ 60ನೆಯ ಒಂದು ಭಾಗದಲ್ಲಿ ತೆಗೆದರೆ ಗೀಟು ಎಳೆದಂತಾಗುತ್ತದೆ, 250ನೆಯ ಒಂದು ಭಾಗದಲ್ಲಿ ತೆಗೆದರೆ ಬಹುಮಟ್ಟಿಗೆ ಕಾಳು ಕಾಳಾಗಿಯೇ ನಿಲ್ಲುತ್ತದೆ. ಛತ್ರದ ಮಂಕು ಬೆಳಕಿನಲ್ಲಿ ಅಷ್ಟು ವೇಗ ಬೇಕಾದರೆ ಬೇರೆಲ್ಲೋ ರಾಜಿ ಮಾಡಿಕೊಳ್ಳಬೇಕು. ಇವೆಲ್ಲ ಒಂದು ತಿಂಗಳ ಅಭ್ಯಾಸದಿಂದ ಬರುವ ವಿದ್ಯೆ, ದೊಡ್ಡ ಮಾತಲ್ಲ. ಮದುವೆಗೆ ಮುಂಚೆ ಅದೇ ಛತ್ರಕ್ಕೆ ಅದೇ ಹೊತ್ತಿನಲ್ಲಿ ಹೋಗಿ, ಅಡುಗೆಯವರನ್ನೋ ಕಾವಲಿನವನನ್ನೋ ಮಂಟಪದ ಜಾಗದಲ್ಲಿ ನಿಲ್ಲಿಸಿ ಹತ್ತು ಚಿತ್ರ ತೆಗೆದು ಬಂದವನು ಅರ್ಧ ಗೆದ್ದಂತೆಯೇ.

ಆದರೆ ಉಳಿದ ಅರ್ಧ ಕ್ಯಾಮರಾದ ಅಂಗಡಿಯಲ್ಲಿ ಸಿಗುವುದಿಲ್ಲ. ಮೊದಲ ಸಲ ಮದುವೆಯ ಫೋಟೋ ತೆಗೆಯುವವನಿಗೆ ಗೊತ್ತಿರಬೇಕಾದ ವಿದ್ಯೆ ಯಾವುದೆಂದು ಯಾರಾದರೂ ನನ್ನನ್ನು ಕೇಳಿದರೆ, ಮದುವೆಯೇ ಎಂದು ಹೇಳುತ್ತೇನೆ. ಯಾವ ಕ್ರಿಯೆಯ ಮುಂದೆ ಯಾವುದು, ಯಾರು ಯಾವ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ, ಯಾರ ಕೈ ಯಾರ ಕೈಯ ಮೇಲೆ ಬರುತ್ತದೆ, ಇದು ತಿಳಿಯದವನಿಗೆ ಲಕ್ಷ ರೂಪಾಯಿಯ ಕ್ಯಾಮರಾ ಇದ್ದರೂ ಕುರುಡನ ಕೈಯ ಕನ್ನಡಿ. ಅಂತರಪಟ ಹಿಡಿದಾಗ ವಧೂವರರು ಎದುರುಬದುರಾಗಿ ನಿಂತಿರುತ್ತಾರೆ. ವರನ ಬೆನ್ನ ಹಿಂದೆ ನಿಂತವನಿಗೆ ಬಟ್ಟೆ ಮಾತ್ರ ಕಾಣುತ್ತದೆ, ಪಕ್ಕದಲ್ಲಿ ನಿಂತವನಿಗೆ ಎರಡು ಮುಖವೂ ಕಾಣುತ್ತವೆ. ಆದರೆ ಬಟ್ಟೆ ಜಾರಿದ ಗಳಿಗೆಯಲ್ಲಿ ಹುಡುಗಿಯ ಕಣ್ಣು ಮೇಲೇಳುವುದು ವರನ ಬೆನ್ನ ಹಿಂದೆ ನಿಂತವನಿಗೇ ಚೆನ್ನಾಗಿ ಕಾಣುತ್ತದೆ. ಒಬ್ಬನೇ ಇರುವಾಗ ಎರಡೂ ಸಿಗದು. ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿ, ಅಲ್ಲಿ ನಿಂತು, ಇನ್ನೊಂದರ ಆಸೆ ಬಿಡಬೇಕು. ಜೀರಿಗೆ ಬೆಲ್ಲ ತಲೆಗೆ ಬೀಳುವುದು ಅದರ ಬೆನ್ನಿಗೇ; ಆಗ ಜಾಗ ಹುಡುಕಿಕೊಂಡು ಓಡಾಡುವವನಿಗೆ ಎರಡೂ ಇಲ್ಲ.

ತಾಳಿ ಕಟ್ಟುವ ಗಳಿಗೆಯನ್ನು ಹಿಡಿಯುವುದು ಕಷ್ಟವೆಂದು ಹೊಸಬರು ಅಳುತ್ತಾರೆ. ನಮ್ಮ ಹಿರಿಯರು ಅದಕ್ಕೆಂದೇ ಏರ್ಪಾಡು ಮಾಡಿಟ್ಟಿದ್ದಾರೆ. ಅದರ ಹೆಸರು ಗಟ್ಟಿಮೇಳ. ಪುರೋಹಿತರು ಕೈ ಎತ್ತಿ ಸನ್ನೆ ಮಾಡುತ್ತಾರೆ, ನಾಗಸ್ವರದವರು ರಾಗವನ್ನು ಅಲ್ಲಿಗೇ ಬಿಟ್ಟು ಜೋರಾಗಿ ಊದುತ್ತಾರೆ, ಡೋಲು ದಡದಡನೆ ಬಡಿಯುತ್ತದೆ. ಕಿವಿ ಇದ್ದವನಿಗೆ ಇದಕ್ಕಿಂತ ಎಚ್ಚರಿಕೆ ಬೇಕೆ? ಆದರೆ ಆ ಸದ್ದಿಗೆ ಛತ್ರವೆಲ್ಲ ಎದ್ದು ನಿಲ್ಲುತ್ತದೆ, ನೂರು ಕೈ ಅಕ್ಷತೆಗೆ ಮೇಲೇಳುತ್ತವೆ. ಗಟ್ಟಿಮೇಳ ಕೇಳಿದ ಮೇಲೆ ಜಾಗಕ್ಕೆ ಹೊರಟವನು ಸೋತ. ಕೇಳುವಾಗ ಜಾಗದಲ್ಲಿ ಕುಳಿತಿದ್ದವನು ಗೆದ್ದ.

ಇನ್ನು, ಮದುವೆ ಎಂದರೆ ಎಲ್ಲೆಡೆ ಒಂದೇ ಅಲ್ಲ. ಕೊಡವರ ಮದುವೆಯಲ್ಲಿ ಪುರೋಹಿತನಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಹಾಲು ಕುಡಿಸಿ, ಕಾಣಿಕೆ ಕೊಟ್ಟು ಹರಸುವುದೇ ಅಲ್ಲಿಯ ದಂಪತಿ ಮುಹೂರ್ತ. ಮೈಸೂರಿನ ಛತ್ರದ ಅಭ್ಯಾಸದಿಂದ ಅಂತರಪಟಕ್ಕೆ ಕಾದು ಕುಳಿತವನು ಅಲ್ಲಿ ಕಾಯುತ್ತಲೇ ಇರಬೇಕಾದೀತು. ಕ್ರೈಸ್ತರ ಮದುವೆಯಲ್ಲಿ ಮುಖ್ಯವಾದುದು ಇಬ್ಬರೂ ಆಡುವ ವಚನ. ಮುಸಲ್ಮಾನರಲ್ಲಿ ಒಪ್ಪಿಗೆಯ ಮಾತು ಮತ್ತು ನಿಕಾಹ್‌ನಾಮೆಯ ಮೇಲಿನ ರುಜು, ಅದೂ ಎಷ್ಟೋ ಕಡೆ ವಧು ಒಂದು ಕೋಣೆಯಲ್ಲಿ, ವರ ಇನ್ನೊಂದರಲ್ಲಿ. 1966ರಲ್ಲಿ ಕುವೆಂಪು ಅವರು ತಮ್ಮ ಮಗ ತೇಜಸ್ವಿಯವರ ಮದುವೆಯಲ್ಲಿ ಬಳಕೆಗೆ ತಂದ ಮಂತ್ರಮಾಂಗಲ್ಯದಲ್ಲಿ ಆಡಂಬರಕ್ಕೆ ಎಡೆಯೇ ಇಲ್ಲ. ಇಬ್ಬರು ತಿಳಿದು ಆಡುವ ಪ್ರತಿಜ್ಞೆಯೇ ಅಲ್ಲಿ ಮದುವೆ. ಅಲ್ಲಿ ಕ್ಯಾಮರಾಕ್ಕೆ ಸಿಗುವುದು ಆಡುವ ತುಟಿ, ಕೇಳುವ ಮುಖ. ಹೀಗೆ ಪ್ರತಿಯೊಂದು ಮದುವೆಗೂ ಒಂದು ಗರ್ಭಗುಡಿ ಇದೆ. ಅದು ಎಲ್ಲಿದೆಯೆಂದು ಮನೆಯ ಹಿರಿಯರ ಹತ್ತಿರ ಕುಳಿತು ಕೇಳಿ ತಿಳಿಯದೆ ಹೋಗುವವನು ಪ್ರಾಕಾರ ಸುತ್ತಿ ಬಂದಂತೆ.

ನಮ್ಮ ಆಲ್ಬಮ್ಮುಗಳನ್ನು ತೆರೆದು ನೋಡಿದರೆ ಈ ಅಜ್ಞಾನ ಎದ್ದು ಕಾಣುತ್ತದೆ. ತಾಳಿ ಕಟ್ಟುವುದರ ಚಿತ್ರ ಇಪ್ಪತ್ತು ಇರುತ್ತವೆ. ಸಪ್ತಪದಿಯದು ಒಂದಿದ್ದರೆ ಹೆಚ್ಚು. ಏಕೆಂದರೆ ಅಷ್ಟು ಹೊತ್ತಿಗೆ ನೆಂಟರು ಊಟಕ್ಕೆ ಎದ್ದಿರುತ್ತಾರೆ, ಅವರ ಹಿಂದೆ ಫೋಟೋದವನೂ ಎದ್ದಿರುತ್ತಾನೆ. ಆದರೆ 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಕಲಮು ಏನು ಹೇಳುತ್ತದೆ? ಸಪ್ತಪದಿ ಸಂಪ್ರದಾಯವಾಗಿರುವ ಕಡೆ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ, ಬದ್ಧವಾಗುತ್ತದೆ ಎನ್ನುತ್ತದೆ. ಸರ್ವೋಚ್ಚ ನ್ಯಾಯಾಲಯದಲ್ಲಿ ನಮ್ಮ ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರೂ ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅವರೂ ಇದ್ದ ಪೀಠ 2024ರ ಏಪ್ರಿಲಿನಲ್ಲಿ ಈ ಮಾತನ್ನು ಮತ್ತೆ ನೆನಪಿಸಿತು. ವಿಧಿಗಳು ನಡೆಯದೆ ಬರಿಯ ಪ್ರಮಾಣಪತ್ರದಿಂದ ಹಿಂದೂ ವಿವಾಹ ಆಗುವುದಿಲ್ಲ, ಮದುವೆ ಹಾಡು ಕುಣಿತ ಊಟಗಳ ಸಮಾರಂಭವಲ್ಲ ಎಂದು ಅದು ಹೇಳಿತು. ಆ ಏಳು ಹೆಜ್ಜೆ ನೆಲದ ಮೇಲೆ ಬೀಳುತ್ತವೆ. ಅವುಗಳ ಚಿತ್ರ ತೆಗೆಯಬೇಕಾದವನು ನೆಲದ ಮೇಲೆ ಕುಳಿತಿರಬೇಕು. ನಮ್ಮ ಫೋಟೋದವರೋ ಆ ಹೊತ್ತಿಗೆ ಆರತಕ್ಷತೆಯ ವೇದಿಕೆಯಲ್ಲಿ ದೀಪ ಕಟ್ಟುತ್ತಿರುತ್ತಾರೆ.

ಎರಡನೆಯ ಉಪದೇಶಕ್ಕೆ ಬರೋಣ. ನಿಲ್ಲಿಸು, ಇನ್ನೊಂದು ಸಲ ಮಾಡಿಸು ಎಂಬ ಆ ಮಾತು ಕೇಳಲು ಕಸುಬುದಾರಿಕೆಯಂತೆ ಇದೆ; ಅದರ ಒಳಗೆ ಇರುವುದು ಅಧಿಕಾರದ ರುಚಿ. ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಗೆ ಹೋಗಿದ್ದೆ. ಗಟ್ಟಿಮೇಳ ಮೊಳಗಿತು. ಹುಡುಗ ನಡುಗುವ ಕೈಯಿಂದ ತಾಳಿ ಕಟ್ಟಿದ. ನಾವೆಲ್ಲ ಅಕ್ಷತೆ ಎರಚಿದೆವು. ಹುಡುಗಿಯ ತಾಯಿ ಸೆರಗಿನಿಂದ ಕಣ್ಣೊರಸಿಕೊಂಡರು. ಅಷ್ಟರಲ್ಲಿ ಮಂಟಪದ ಮೇಲಿಂದ ದನಿ: “ಸಾರ್, ಒಂದ್ನಿಮಿಷ, ಫ್ಲ್ಯಾಷ್ ಬೀಳಲಿಲ್ಲ, ಇನ್ನೊಂದ್ಸಲ.” ಮದುಮಗ ಪುರೋಹಿತರ ಮುಖ ನೋಡಿದ, ಪುರೋಹಿತರು ಯಜಮಾನರ ಮುಖ ನೋಡಿದರು, ಯಜಮಾನರು ಆಲ್ಬಮ್ಮಿಗೆ ಕೊಟ್ಟ ಮುಂಗಡವನ್ನು ನೆನೆದರೋ ಏನೋ, ತಲೆಯಾಡಿಸಿದರು. ಎರಡನೆಯ ಸಲ ಹುಡುಗನ ಕೈ ನಡುಗಲಿಲ್ಲ. ಅವನು ಹುಡುಗಿಯ ಕೊರಳನ್ನು ನೋಡಲಿಲ್ಲ, ಕ್ಯಾಮರಾದ ಕಣ್ಣನ್ನು ನೋಡಿದ. ನಮ್ಮ ಕೈಯಲ್ಲಿ ಅಕ್ಷತೆ ಮುಗಿದಿತ್ತು. ಇವತ್ತಿಗೂ ಅವರ ಮನೆಯ ಗೋಡೆಯ ಮೇಲಿರುವ ಆ ದೊಡ್ಡ ಚಿತ್ರದಲ್ಲಿ ಗಾಳಿಯಲ್ಲಿ ಒಂದು ಕಾಳು ಅಕ್ಕಿಯೂ ಇಲ್ಲ. ಚಿತ್ರ ಸ್ಫುಟವಾಗಿದೆ, ಬಣ್ಣ ಚೆನ್ನಾಗಿದೆ. ಅದು ಮದುವೆಯ ಚಿತ್ರ ಮಾತ್ರ ಅಲ್ಲ.

ಇದನ್ನು ಸಣ್ಣ ವಿಷಯವೆಂದು ಕೆಲವರು ನಗಬಹುದು. ನನಗೆ ಹಾಗೆನಿಸುವುದಿಲ್ಲ. ನಾಟಕದ ದೃಶ್ಯವನ್ನು ನೂರು ಸಲ ಆಡಬಹುದು, ಪ್ರತಿಜ್ಞೆಯನ್ನು ಆಡುವುದು ಒಂದು ಸಲ. ಎರಡನೆಯ ಸಲ ಆಡಿದ್ದು ಮೊದಲನೆಯದರ ನಕಲು. ನಕಲನ್ನು ಗೋಡೆಗೆ ಹಾಕಿ ಮೂಲವನ್ನು ಮರೆತರೆ ಕಳೆದುಕೊಂಡವರು ಯಾರು? ಅಗ್ನಿಸಾಕ್ಷಿಯಾಗಿ ಎನ್ನುತ್ತೇವೆ. ಸಾಕ್ಷಿ ಎಂದರೆ ಸಾಕ್ಷಾತ್ತಾಗಿ ಕಂಡವನು ಎಂದು ವ್ಯಾಕರಣ. ಕಂಡವನ ಕೆಲಸ ಕಾಣುವುದು, ಕಂಡದ್ದನ್ನು ಕಂಡಂತೆ ಹೇಳುವುದು. ನ್ಯಾಯಸ್ಥಾನದಲ್ಲಿ ಒಬ್ಬ ಸಾಕ್ಷಿ, “ಸ್ವಾಮಿ, ನನಗೆ ಸರಿಯಾಗಿ ಕಾಣಲಿಲ್ಲ, ಆದ್ದರಿಂದ ಅವರಿಂದ ಇನ್ನೊಂದು ಸಲ ಮಾಡಿಸಿ ನೋಡಿದೆ” ಎಂದರೆ ಅವನ ಹೇಳಿಕೆಗೆ ಏನು ಬೆಲೆ? ಮದುವೆಯಲ್ಲಿ ಅಗ್ನಿ ಒಂದು ಸಾಕ್ಷಿ, ಬಂಧುಬಳಗ ಇನ್ನೊಂದು. ಕ್ಯಾಮರಾ ಮೂರನೆಯ ಸಾಕ್ಷಿಯಾಗಿ ಬರುವುದಾದರೆ ಬರಲಿ. ಆ ಮನೆಗೆ ಅದು ಕಿರಿಯ ಸಾಕ್ಷಿ. ಹಿರಿಯರಿಬ್ಬರ ಮುಂದೆ ಅಡ್ಡ ನಿಲ್ಲುವ ಹಕ್ಕು ಅದಕ್ಕಿಲ್ಲ.

ನಕಲು ಚಿತ್ರ ಎಷ್ಟು ದೂರ ನಡೆಯಬಲ್ಲದೆಂಬುದಕ್ಕೆ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಛಾಯಾಚಿತ್ರ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮದುವೆ ಆದದ್ದು 1840ರಲ್ಲಿ. ಆ ಮದುವೆಯ ಫೋಟೋ ಇಲ್ಲ. ಹದಿನಾಲ್ಕು ವರ್ಷಗಳ ಮೇಲೆ, 1854ರಲ್ಲಿ, ರಾಣಿಯೂ ಆಕೆಯ ಪತಿಯೂ ಸೊಗಸಾದ ದರ್ಬಾರಿನ ಉಡುಪು ತೊಟ್ಟು ರೋಜರ್ ಫೆಂಟನ್ ಎಂಬ ಛಾಯಾಗ್ರಾಹಕನ ಎದುರಿಗೆ ನಿಂತರು. ಆಕೆ ಆಗ ಹಲವು ಮಕ್ಕಳ ತಾಯಿ. ಆದರೂ ಆ ಚಿತ್ರವನ್ನು ಮದುವೆಯ ಚಿತ್ರವೆಂದೇ ನಂಬುವವರು ಇಂದಿಗೂ ಇದ್ದಾರೆ. ಹದಿನಾಲ್ಕು ವರ್ಷದ ಅಂತರವನ್ನೇ ನುಂಗಿದ ಕ್ಯಾಮರಾಕ್ಕೆ ಹದಿನಾಲ್ಕು ಸೆಕೆಂಡು ಯಾವ ಲೆಕ್ಕ?

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. “ಹಳೆಯ ಸ್ಟುಡಿಯೋದವರೇನು ಸಾಚಾ? ಅವರೂ ಗಂಡಹೆಂಡಿರನ್ನು ಕುರ್ಚಿಯ ಮೇಲೆ ಕೂರಿಸಿ, ಗದ್ದ ಹಿಡಿದು ತಿರುಗಿಸಿ, ‘ಅಲ್ಲಾಡಬೇಡಿ’ ಎನ್ನುತ್ತಿರಲಿಲ್ಲವೆ?” ಎನ್ನುತ್ತಿದ್ದರು, ನಿಜ. ಆದರೆ ಆ ಚಿತ್ರವನ್ನು ಕಂಡವರು ಯಾರೂ ಮೋಸಹೋಗಲಿಲ್ಲ. ಅದು ಫೋಟೋಕ್ಕೆಂದೇ ಕೂತ ಚಿತ್ರವೆಂದು ಆ ಬಿಗಿದ ಮುಖಗಳೇ ಹೇಳುತ್ತವೆ. ಕೂತು ತೆಗೆಸಿಕೊಂಡದ್ದನ್ನು ಕೂತು ತೆಗೆಸಿಕೊಂಡದ್ದೆಂದು ತೋರಿಸುವುದರಲ್ಲಿ ಅಪ್ರಾಮಾಣಿಕತೆ ಇಲ್ಲ. ಮದುವೆ ಮುಗಿದ ಮೇಲೆ ಎರಡು ಮನೆಯವರನ್ನೂ ಸಾಲಾಗಿ ನಿಲ್ಲಿಸಿ ಬೇಕಾದಷ್ಟು ಚಿತ್ರ ತೆಗೆಯಲಿ, ಬೇಕಾದರೆ ಹತ್ತು ಸಲ ತೆಗೆಯಲಿ. ನಡೆಯುತ್ತಿರುವ ಕ್ರಿಯೆಯನ್ನು ನಿಲ್ಲಿಸಿ, ಮತ್ತೆ ಮಾಡಿಸಿ, ಅದನ್ನು ನಡೆದದ್ದೆಂದು ತೋರಿಸುವುದೇ ದೋಷ. ಕಾವ್ಯಕ್ಕೆ ಔಚಿತ್ಯವೇ ಜೀವವೆಂದು 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ವಾದಿಸಿದ. ಕೊರಳಿಗೆ ಹಾಕುವ ಹಾರವನ್ನು ಕಾಲಿಗೆ ಕಟ್ಟಿಕೊಂಡರೆ ಹಾರದ ತಪ್ಪಲ್ಲ, ಸ್ಥಾನದ ತಪ್ಪು. ‘ಇನ್ನೊಂದು ಸಲ’ ಎಂಬ ಮಾತಿಗೂ ಸ್ಥಾನವುಂಟು. ಅದು ಮಂಟಪದ ಕೆಳಗೆ.

“ಆ ಗಳಿಗೆ ತಪ್ಪಿಹೋದರೆ ಬೈಗಳು ತಿನ್ನುವವರು ನಾವು” ಎಂದು ಕಸುಬಿನವರು ಹೇಳುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಆದರೆ ನಮ್ಮ ನಾಡಿನಲ್ಲಿಯೇ ಇನ್ನೊಂದು ಬಗೆಯ ಛಾಯಾಗ್ರಾಹಕರ ದೊಡ್ಡ ಪರಂಪರೆ ಇದೆ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು ಕಾಡಿನ ಪ್ರಾಣಿಪಕ್ಷಿಗಳ ಚಿತ್ರಗಳಿಂದ ಹೆಸರಾದರು. ಮಂತ್ರಮಾಂಗಲ್ಯದ ಮದುಮಗ ತೇಜಸ್ವಿಯವರೂ ಮೂಡಿಗೆರೆಯ ಕಡೆ ಕ್ಯಾಮರಾ ಹಿಡಿದು ಹಕ್ಕಿಗಳ ಹಿಂದೆ ಹೋದವರೇ. ಗೂಡಿಗೆ ಗುಟುಕು ತಂದ ಹಕ್ಕಿಗೆ “ಇನ್ನೊಂದು ಸಲ ಬಾ, ಈ ಕಡೆ ನೋಡು” ಎನ್ನಲು ಸಾಧ್ಯವೆ? ಅವರು ಮಾಡುತ್ತಿದ್ದುದು ಒಂದೇ: ಹಕ್ಕಿಯ ನಡೆಯನ್ನು ಅರಿಯುವುದು, ಮರೆಯಲ್ಲಿ ಕೂರುವುದು, ಕಾಯುವುದು. ತಪ್ಪಿದರೆ ತಪ್ಪಿತು, ನಾಳೆ ಮತ್ತೆ ಹೋಗಿ ಕೂರುವುದು. ಮದುವೆಗೆ ನಾಳೆ ಇಲ್ಲವೆಂಬುದು ದಿಟ. ಅದಕ್ಕೇ ಅಲ್ಲವೆ ಅರಿವೂ ಕಾಯುವಿಕೆಯೂ ಇನ್ನೂ ಹೆಚ್ಚಾಗಿ ಬೇಕಾದದ್ದು! ಹಕ್ಕಿಗೆ ತೋರಿಸುವ ಮರ್ಯಾದೆಯನ್ನು ಮದುಮಗಳಿಗೂ ತೋರಿಸಿ ಎಂದರೆ ಅತಿಯಾಯಿತೆ?

“ಹಾಗೆ ತೆಗೆಸಿಕೊಳ್ಳಬೇಕೆಂದು ಮದುವೆಯಾಗುವವರಿಗೇ ಆಸೆಯಿದ್ದರೆ ನಿಮಗೇನು?” ಎಂದು ಕೇಳುವವರು ಉಂಟು. ಆಸೆ ಅವರದೇ ಆಗಿದ್ದರೆ ನನ್ನ ತಕರಾರಿಲ್ಲ. ಆದರೆ ಮಂಟಪದಲ್ಲಿ ಕುಳಿತ ಹುಡುಗಿ ಯಾರನ್ನು ಎದುರುಹೇಳಬಲ್ಲಳು? ಎಲ್ಲರೂ ‘ಈ ಕಡೆ ನೋಡು’ ಎನ್ನುವ ಹೊತ್ತಿನಲ್ಲಿ ಆ ಕಡೆ ನೋಡದಿರುವುದಕ್ಕೆ ಆಕೆಗೆ ಸ್ವಾತಂತ್ರ್ಯ ಎಲ್ಲಿದೆ? ಮದುವೆಗೆ ಮುಂಚೆಯೇ ಫೋಟೋ ತೆಗೆಸಿಕೊಳ್ಳುವ ಪದ್ಧತಿ ಬಂದಿದೆ. ಚಿತ್ರ ಚೆನ್ನಾಗಿ ಬರಲೆಂದು ಬಂಡೆಯ ಅಂಚಿಗೆ, ಜಲಪಾತದ ತುದಿಗೆ ಹೋಗುತ್ತಾರೆ. 2020ರ ನವೆಂಬರಿನಲ್ಲಿ ತಲಕಾಡಿನ ಹತ್ತಿರ ಕಾವೇರಿಯಲ್ಲಿ ಹೀಗೆ ಚಿತ್ರ ತೆಗೆಸಿಕೊಳ್ಳಲು ಹೋದ ಜೋಡಿಯೊಂದು ಮದುವೆಗೆ ಕೆಲವೇ ದಿನ ಇರುವಾಗ ನೀರುಪಾಲಾಯಿತು. ಚಪ್ಪರ ಹಾಕಬೇಕಾದ ಎರಡು ಮನೆಗಳ ಮುಂದೆ ಬೇರೆ ಚಪ್ಪರ ಬಿತ್ತು. 2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸೆಯ ಕೋಣೆಯಲ್ಲೇ ವೈದ್ಯರೊಬ್ಬರು ಇಂಥ ಚಿತ್ರ ತೆಗೆಸಿಕೊಂಡು ಕೆಲಸ ಕಳೆದುಕೊಂಡರು. ಬದುಕಿಗಾಗಿ ಚಿತ್ರ ಎಂಬುದು ತಿರುಗಿ ಚಿತ್ರಕ್ಕಾಗಿ ಬದುಕು ಎಂದಾದಾಗ ಕೊನೆಯ ಮೆಟ್ಟಿಲು ಎಲ್ಲಿರುತ್ತದೆಂದು ಇವು ತೋರಿಸುತ್ತವೆ. ಮೊದಲ ಮೆಟ್ಟಿಲು, ಮಂಟಪದಲ್ಲಿ ತಲೆಯಾಡಿಸಿ ಸುಮ್ಮನಾದ ನಮ್ಮ ಸೌಜನ್ಯವೇ.

ಹಾಗಾದರೆ ಹೊಸಬ ಏನು ತೆಗೆಯಬೇಕು? ವೇದಿಕೆಯ ಕಡೆಗೆ ಬೆನ್ನು ಹಾಕಿ ಒಂದು ಸಲ ತಿರುಗಿ ನೋಡು ಎಂದು ಹೇಳುತ್ತೇನೆ. ಗೋಡೆಗೆ ಒರಗಿ ಕುಳಿತ ಅಜ್ಜಿ, ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ದೊಡ್ಡಮ್ಮ, ಹೋಳಿಗೆಯ ಹೆಂಚಿನ ಮುಂದೆ ಬೆವರುವ ಅಡುಗೆಯವರು, ಬೆಳಿಗ್ಗೆ ನಾಲ್ಕಕ್ಕೇ ಬಂದು ಓಲಗ ಊದಿದವರು, ಉಡುಗೊರೆಯ ಲಕೋಟೆಯನ್ನು ಅಂಗಿಯ ಒಳಜೇಬಿನಿಂದ ಅನುಮಾನಿಸುತ್ತ ತೆಗೆಯುವ ಬಡ ನೆಂಟ, ಕಡೆಯ ಸಾಲಿನಲ್ಲಿ ನಿದ್ದೆಹೋದ ಮಗು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಟಿ. ಎಸ್. ಸತ್ಯನ್ ಅವರು ದೊಡ್ಡವರನ್ನೂ ತೆಗೆದರು. ಆದರೆ ನಾವು ಅವರನ್ನು ನೆನೆಯುವುದು ಬೀದಿಯ ಮಕ್ಕಳನ್ನೂ ಸಾಮಾನ್ಯ ಜನರನ್ನೂ ಅವರು ನೋಡಿದ ಕಣ್ಣಿಗಾಗಿ. ಆ ಕಣ್ಣಿಗೆ ಮದುವೆಯ ಮನೆಯಲ್ಲಿ ಇರುವಷ್ಟು ಕೆಲಸ ಬೇರೆಲ್ಲಿದೆ?

ಇದು ಬರಿಯ ರಸಿಕತೆಯ ಮಾತಲ್ಲ. ಪತ್ರಿಕೆಗಳ ಶ್ರದ್ಧಾಂಜಲಿಯ ಅಂಕಣವನ್ನು ಗಮನವಿಟ್ಟು ನೋಡಿ. ಎಷ್ಟೋ ಹಿರಿಯರ ಚಿತ್ರಗಳ ಅಂಚಿನಲ್ಲಿ ಇನ್ನಾರದೋ ಭುಜ, ಜರತಾರಿ ಸೀರೆಯ ಒಂದು ತುಣುಕು, ಹಿಂದೆ ಬಾಳೆಯ ಕಂಬದ ಎಲೆ ಕಾಣುತ್ತದೆ. ಯಾವುದೋ ಮದುವೆಯ ಗುಂಪಿನ ಚಿತ್ರದಿಂದ ಕತ್ತರಿಸಿ ತೆಗೆದ ಮುಖ ಅದು. ಬದುಕಿದ್ದಾಗ ಅವರನ್ನು ಬೇರೆಯಾಗಿ ಯಾರೂ ತೆಗೆದಿರಲಿಲ್ಲ. ನಮ್ಮ ಮನೆಗಳ ಅರ್ಧದಷ್ಟು ಹಿರಿಯರು, ಅದರಲ್ಲಿಯೂ ಹೆಂಗಸರು, ಹೀಗೆ ಇನ್ನೊಬ್ಬರ ಮದುವೆಯಲ್ಲಿ ಮಾತ್ರ ಚಿತ್ರದೊಳಗೆ ಬಂದವರು. ಮದುವೆಯ ಫೋಟೋದವನು ಒಂದು ಮನೆತನದ ಕಡತವನ್ನು ಬರೆಯುತ್ತಿದ್ದಾನೆ. ಅವನು ಮದುಮಕ್ಕಳ ಚಿತ್ರ ಸಾವಿರ ತೆಗೆದು ಅಜ್ಜಿಯದು ಒಂದನ್ನೂ ತೆಗೆಯದೆ ಹೋದರೆ ಆ ಕಡತದಲ್ಲಿ ಒಂದು ಹಾಳೆ ಹರಿದುಹೋಯಿತು. ಅದನ್ನು ಯಾವ ‘ಇನ್ನೊಂದು ಸಲ’ವೂ ತಂದುಕೊಡುವುದಿಲ್ಲ.

ಗೃಹಸ್ಥರಿಗೂ ನಾಲ್ಕು ಮಾತು ಹೇಳದೆ ಮುಗಿಸಿದರೆ ಅನ್ಯಾಯವಾದೀತು. ತಪ್ಪು ಹುಡುಗನೊಬ್ಬನದೇ ಅಲ್ಲ. ಚಪ್ಪರಕ್ಕೆ ಹಣವುಂಟು, ಮೂರು ಬಗೆಯ ಸಿಹಿಗೆ ಹಣವುಂಟು, ಫೋಟೋಕ್ಕೆ ಮಾತ್ರ ಅಣ್ಣನ ಮಗ ಪುಕ್ಕಟೆಯಾಗಿ ಬೇಕು. ಪುಕ್ಕಟೆಯಾಗಿ ಕರೆದವನನ್ನು ಆಮೇಲೆ ಬೈಯುವ ಹಕ್ಕು ಯಾರಿಗೂ ಇಲ್ಲ. ಕಾಯಿದೆಯೂ ಇಲ್ಲಿ ಒಂದು ಪಾಠ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನಂತೆ, ಪ್ರತಿಫಲ ಕೊಟ್ಟು ಹೇಳಿ ತೆಗೆಸಿದ ಫೋಟೋದ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದು. ಬಿಟ್ಟಿಯಾಗಿ ತೆಗೆಸಿದರೆ ಆ ರಕ್ಷಣೆ ಸಿಗದು. ನಮ್ಮ ಮಗಳ ಚಿತ್ರ ಯಾರ ಯಾರ ಮೊಬೈಲಿನಲ್ಲಿ ಮೆರವಣಿಗೆ ಹೊರಡಬೇಕು, ಯಾರ ಅಂಗಡಿಯ ಜಾಹೀರಾತಾಗಬೇಕು ಎಂಬುದನ್ನು ಮೊದಲೇ ಮಾತನಾಡಿ ಒಂದು ಕಾಗದದಲ್ಲಿ ಬರೆದುಕೊಳ್ಳುವುದು ನೆಂಟಸ್ತಿಕೆಗೆ ಕುಂದಲ್ಲ.

ಹುಡುಗನಿಗೆ ವಾರದ ಮುಂಚೆಯೇ ಒಂದು ಪಟ್ಟಿ ಕೊಡಿ: ಯಾವ ಶಾಸ್ತ್ರ ಎಷ್ಟು ಹೊತ್ತಿಗೆ, ಯಾವ ಯಾವ ಹಿರಿಯರ ಚಿತ್ರ ಬಿಡಬಾರದು. ಗುಂಪಿನ ಚಿತ್ರಕ್ಕೆ ಕರೆದು ನಿಲ್ಲಿಸಲು ಮನೆಯ ಗಟ್ಟಿದನಿಯ ಅತ್ತೆಯೊಬ್ಬರನ್ನು ಅವನ ಜೊತೆಗೆ ಹಾಕಿ, ಮುಖ ಗುರುತಿಲ್ಲದವನು “ವರನ ದೊಡ್ಡಪ್ಪ ಯಾರು?” ಎಂದು ಕೂಗುತ್ತ ತಿರುಗುವುದು ತಪ್ಪುತ್ತದೆ. ಅವನಿಗೆ ಊಟ ಹಾಕಿ, ಕಡೆಯ ಪಂಕ್ತಿಗೆ ತಳ್ಳಬೇಡಿ. ಕಸುಬಿನ ಒಬ್ಬರನ್ನು ಕರೆಸಿ, ಅವರ ಪಕ್ಕದಲ್ಲಿ ಈ ಹುಡುಗನನ್ನು ಕೂರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಹೊಸಬ ಕಲಿಯಬೇಕು; ಕಲಿಯಲು ಒಂದು ಮದುವೆಯ ಮೂಲೆ ಬೇಕು, ಇಡೀ ಮದುವೆಯ ಹೊಣೆ ಬೇಡ. ಹುಡುಗನೂ ಕ್ಯಾಮರಾದಲ್ಲಿ ಎರಡು ಕಾರ್ಡು, ಜೇಬಿನಲ್ಲಿ ಎರಡನೆಯ ಬ್ಯಾಟರಿ ಇಟ್ಟುಕೊಳ್ಳಲಿ; ಮದುವೆಯ ನಡುವೆ ಒಂದು ಚಿತ್ರವನ್ನೂ ಅಳಿಸದಿರಲಿ; ಆ ರಾತ್ರಿ ಮಲಗುವ ಮುನ್ನ ಎಲ್ಲವನ್ನೂ ಎರಡು ಕಡೆ ಇಳಿಸಿಡಲಿ. ಅವುಗಳಲ್ಲಿ ಮೂವತ್ತಾರನ್ನು ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಹೆಸರು, ಊರು, ತಾರೀಖು ಬರೆದು ಕೊಡಲಿ. ಅಜ್ಜಿಯ ಟ್ರಂಕಿನಲ್ಲಿದ್ದ ಕಪ್ಪುಬಿಳುಪಿನ ಚಿತ್ರ ಅರುವತ್ತು ವರ್ಷದ ಮೇಲೂ ಕಣ್ಣಿಗೆ ಕಾಣುತ್ತದೆ. ಹದಿನೈದು ವರ್ಷದ ಹಿಂದೆ ಫೋಟೋದವರು ಕೊಟ್ಟ ಹೊಳೆಯುವ ತಟ್ಟೆಯನ್ನು ಹಾಕಿ ನೋಡುವ ಪೆಟ್ಟಿಗೆ ಇವತ್ತು ಎಷ್ಟು ಮನೆಗಳಲ್ಲಿದೆ?

ಪುರೋಹಿತರಲ್ಲಿ, ಮನೆಯ ಯಜಮಾನರಲ್ಲಿ ನನ್ನ ಕಡೆಯ ಬಿನ್ನಹ ಇಷ್ಟೆ. ಲಗ್ನಪತ್ರಿಕೆ ಬರೆಸುವ ದಿನವೇ ಫೋಟೋದವನನ್ನು ಕರೆಸಿ ಅವನ ಜಾಗ ಯಾವುದೆಂದು ತೋರಿಸಿಬಿಡಿ. ನೆಂಟರಿಗೂ ಮಂಟಪಕ್ಕೂ ನಡುವೆ ಯಾರೂ ನಿಲ್ಲಬಾರದೆಂದು ಹೇಳಿಬಿಡಿ. ಮುಹೂರ್ತದಲ್ಲಿ ಯಾರಾದರೂ “ಇನ್ನೊಂದು ಸಲ” ಎಂದರೆ, ಸಿಟ್ಟಾಗದೆ, ನಗುತ್ತಲೇ, “ಆಗಿಹೋಯಿತಪ್ಪ, ಮುಂದಿನದನ್ನು ತೆಗೆ” ಎಂದುಬಿಡಿ. ಒಂದು ಚಿತ್ರ ತಪ್ಪಿಹೋದೀತು. ತಾಳಿ ಕಟ್ಟಿದ ಕೈ ಎಷ್ಟು ನಡುಗಿತೆಂಬುದು ಆಗ ಆ ಹುಡುಗಿಗೆ ಮಾತ್ರ ಗೊತ್ತಿರುತ್ತದೆ; ಅದನ್ನು ಆಕೆ ತನ್ನ ಮೊಮ್ಮಕ್ಕಳಿಗೆ ಬಾಯಲ್ಲಿ ಹೇಳಲಿ.